ಹೊಂದಿಸಿ ಬರೆಯಿರಿ

ಪ್ರಶ್ನೆಪತ್ರಿಕೆಯಲ್ಲಿ ನನಗೆ ತುಂಬಾ ಇಷ್ಟವಾಗುತ್ತಿದ್ದದ್ದು 'ಹೊಂದಿಸಿ ಬರೆಯಿರಿ'. ಬಿಟ್ಟ ಸ್ಥಳ ತುಂಬಲು ಉತ್ತರ ಗೊತ್ತಿರಬೇಕು. ಟಿಪ್ಪಣಿ ಬರೆಯಲು ಓದಿರಬೇಕು. ಹೊಂದಿಸಿ ಬರೆಯಲು ಎರಡೂ ಬೇಡ. ಉತ್ತರ ಅಲ್ಲೇ ಬಲಗಡೆ ಪಟ್ಟಿಯಲ್ಲಿ ಕೂತಿರುತ್ತದೆ. ಯಾರು ಯಾರಿಗೆ ಅನ್ನುವುದಷ್ಟೇ ತೀರ್ಮಾನ ಆಗಬೇಕು. ಐದರಲ್ಲಿ ಮೂರು ಗೊತ್ತಿದ್ದರೆ ಸಾಕು, ಉಳಿದೆರಡನ್ನು ದೇವರ ಮೇಲೆ ಭಾರ ಹಾಕಿ ಗೀಟು ಎಳೆಯಬಹುದು.

ಇಂಥ ಸುಲಭದ ಪ್ರಶ್ನೆಯಲ್ಲೂ ನಾನೊಮ್ಮೆ ಎರಡು ಅಂಕ ಕಳೆದುಕೊಂಡೆ. ಎಡಗಡೆ ಚಹಾ, ಕಾಫಿ, ಕಬ್ಬು, ರಬ್ಬರ್, ಲವಂಗ. ಬಲಗಡೆ ಕ್ಯೂಬಾ, ಮಲೇಷ್ಯಾ, ಶ್ರೀಲಂಕಾ, ಬ್ರೆಜಿಲ್, ಝಾಂಜಿಬಾರ್. ನಾನು ರಬ್ಬರಿನಿಂದ ಬ್ರೆಜಿಲ್‌ಗೆ ಗೀಟು ಎಳೆದೆ. ಸುಮ್ನೆ ಎಳೆದದ್ದಲ್ಲ. ಲೈಬ್ರರಿಯ ಒಂದು ಪುಸ್ತಕದಲ್ಲಿ ಅಮೆಜಾನ್ ಕಾಡಿನ ಚಿತ್ರ ನೋಡಿದ್ದೆ. ಒಬ್ಬಾತ ಮರದ ತೊಗಟೆ ಗೀರುತ್ತಿದ್ದ, ಕೆಳಗೆ ಕಟ್ಟಿದ ಬಟ್ಟಲಿಗೆ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು. ರಬ್ಬರ್ ಮರದ ತವರು ಬ್ರೆಜಿಲ್ ಅಂತ ಕೆಳಗೆ ಬರೆದಿತ್ತು. ರಬ್ಬರ್ ಹೋಗಿ ಬ್ರೆಜಿಲ್‌ನಲ್ಲಿ ಕೂತಿದ್ದರಿಂದ ಕಾಫಿಗೆ ಜಾಗ ಇಲ್ಲವಾಯಿತು. ಪಾಪ, ಅದು ಮಲೇಷ್ಯಾಕ್ಕೆ ಹೋಯಿತು. ಹೊಂದಿಸಿ ಬರೆಯುವುದರಲ್ಲಿ ಇರುವ ತೊಂದರೆಯೇ ಇದು. ತಪ್ಪು ಒಂಟಿಯಾಗಿ ಬರುವುದಿಲ್ಲ, ಜೊತೆಗೆ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಮೇಷ್ಟ್ರ ಹತ್ತಿರ ವಾದಕ್ಕೆ ಹೋದೆ.

"ಸಾರ್, ರಬ್ಬರ್ ಮರದ ತವರು ಬ್ರೆಜಿಲ್ ಅಂತ ಪುಸ್ತಕದಲ್ಲಿದೆ."

"ತವರು ಯಾರಯ್ಯಾ ಕೇಳಿದ್ರು? ಇಲ್ಲಿ ಕೇಳಿರೋದು ಗಂಡನ ಮನೆ."

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕಂತೆ ಮಾಡಿ ಬಂದು ಕೂತೆ.

ಮೊನ್ನೆ ಏನೋ ಬರೆಯಲು ಕೂತಿದ್ದೆ. ಎದುರಿಗೆ ಒಂದು ಲೋಟ ಚಹಾ, ಪಕ್ಕದಲ್ಲಿ ಪೆನ್ಸಿಲ್ಲು, ಒಂದು ರಬ್ಬರ್ ತುಂಡು. ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ. ಅಳಿಸುತ್ತಾ ಇದ್ದಾಗ ಆ ಪ್ರಶ್ನೆ ನೆನಪಾಯಿತು. ಆಗ ಹೊಳೆಯದ ಒಂದು ವಿಷಯ ಈಗ ಹೊಳೆಯಿತು. ಮೇಷ್ಟ್ರ ಮಾತು ರಬ್ಬರಿಗೆ ಮಾತ್ರ ಅನ್ವಯಿಸುವುದಲ್ಲ. ಆ ಪಟ್ಟಿಯಲ್ಲಿದ್ದ ಐದಕ್ಕೆ ಐದೂ ಗಂಡನ ಮನೆಗಳೇ! ಚಹಾದ ತವರು ಚೀನಾದ ಕಡೆ. ಕಾಫಿಯದು ಇಥಿಯೋಪಿಯಾ. ಕಬ್ಬು ಹುಟ್ಟಿದ್ದು ನ್ಯೂಗಿನಿ ದ್ವೀಪದಲ್ಲಿ. ಲವಂಗದ್ದು ಇಂಡೋನೇಷ್ಯಾದ ಮಲುಕು ದ್ವೀಪಗಳು. ನಾವು ಭೂಗೋಳ ಅಂತ ಬಾಯಿಪಾಠ ಮಾಡಿದ್ದರಲ್ಲಿ ಮಣ್ಣು ಮಳೆಗಳ ಪಾಲು ಎಷ್ಟೋ, ಹಡಗು ಇಟ್ಟುಕೊಂಡವರ ಪಾಲೂ ಅಷ್ಟೇ. ನಮಗಿಂತ ಮುಂಚೆ ಯಾರೋ ಕೂತು ಭೂಪಟದ ಮೇಲೆ ಹೊಂದಿಸಿ ಬರೆದಿದ್ದರು. ನಾವು ಅವರ ಉತ್ತರವನ್ನು ಕಾಪಿ ಹೊಡೆದೆವು.

ರಬ್ಬರಿನ ಮದುವೆ ಕತೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಎರಡು ಅಂಕದ ಹಳೇ ಲೆಕ್ಕ ಇರುವುದರಿಂದ. ಈ ಹಾಲಿಗೆ ಇಂಗ್ಲಿಷಿನಲ್ಲಿ ರಬ್ಬರ್ ಎಂಬ ಹೆಸರು ಬಂದದ್ದೇ ಅಳಿಸುವ ಕೆಲಸದಿಂದ. ರಬ್ ಅಂದರೆ ಉಜ್ಜು, ಉಜ್ಜುವುದು ರಬ್ಬರ್. ಮುಂದೆ ಆಮ್ಲಜನಕ ಕಂಡುಹಿಡಿದು ಹೆಸರಾದ ಜೋಸೆಫ್ ಪ್ರೀಸ್ಟ್ಲಿ, ಪೆನ್ಸಿಲ್ ಗುರುತು ಅಳಿಸಲು ಇಂಥದೊಂದು ವಸ್ತು ಬಂದಿದೆ, ಬಹಳ ಚೆನ್ನಾಗಿದೆ ಅಂತ 1770ರಲ್ಲಿ ಬರೆದಿಟ್ಟ. ಅದಕ್ಕೂ ಮುಂಚೆ ಬ್ರೆಡ್ಡಿನ ಚೂರಿನಿಂದ ಉಜ್ಜಿ ಅಳಿಸುತ್ತಿದ್ದರಂತೆ. ತಪ್ಪು ಮಾಡಿದವನಿಗೆ ಕೊನೆಗೆ ತಿನ್ನಲಿಕ್ಕಾದರೂ ಏನೋ ಕೈಯಲ್ಲಿರುತ್ತಿತ್ತು.

ಬರೀ ಅಳಿಸುವ ಕೆಲಸವೇ ಆಗಿದ್ದರೆ ರಬ್ಬರ್ ಮರ ತನ್ನ ಪಾಡಿಗೆ ತಾನು ಅಮೆಜಾನ್ ಕಾಡಿನಲ್ಲಿ ಇರುತ್ತಿತ್ತೋ ಏನೋ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದನ್ನು ಗಂಧಕದ ಜೊತೆ ಬಿಸಿ ಮಾಡಿ, ಬಿಸಿಲಿಗೆ ಅಂಟದ, ಚಳಿಗೆ ಬಿರಿಯದ ಗಟ್ಟಿ ವಸ್ತು ಮಾಡಿದ. ಯಂತ್ರಗಳಿಗೆಲ್ಲ ರಬ್ಬರ್ ಬೇಕಾಯಿತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಬ್ರೆಜಿಲ್‌ನ ಟಪಜೋಸ್ ನದಿ ಸೀಮೆಯಿಂದ ಸುಮಾರು 70,000 ಬೀಜ ಹಡಗಿಗೆ ಏರಿಸಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ತಂದ. ನೂರಕ್ಕೆ ನಾಲ್ಕರಷ್ಟೂ ಮೊಳೆಯಲಿಲ್ಲ. ಮೊಳೆತವುಗಳಲ್ಲಿ ಹೆಚ್ಚಿನವು ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ ಹೋದವು. ಮರುವರ್ಷ 22 ಸಸಿಗಳು ಸಿಂಗಪುರಕ್ಕೆ ಹೋದವು. ಇದನ್ನು ದೊಡ್ಡ ಕಳ್ಳತನ ಅಂತಲೇ ಎಲ್ಲರೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ರಬ್ಬರ್ ಬೀಜ ಸಾಗಿಸಬಾರದು ಎಂಬ ಕಾಯ್ದೆಯೇ ಆಗ ಅಲ್ಲಿರಲಿಲ್ಲ. ವಿಕ್‌ಹ್ಯಾಮ್ ವಯಸ್ಸಾದ ಮೇಲೆ ತಾನೇ ಆ ಕತೆಗೆ ಒಗ್ಗರಣೆ ಹಾಕಿ ಹೇಳಿಕೊಂಡ. 1920ರಲ್ಲಿ ಅವನಿಗೆ ಸರ್ ಪದವಿಯೂ ಬಂತು.

ಹೆಣ್ಣು ಬಂತು, ವರ ಸಿಗಲಿಲ್ಲ. 1888ರಲ್ಲಿ ಸಿಂಗಪುರದ ಸಸ್ಯೋದ್ಯಾನಕ್ಕೆ ಮುಖ್ಯಸ್ಥನಾಗಿ ಬಂದ ಹೆನ್ರಿ ರಿಡ್ಲಿಗೆ ಈ ಮರದ ಹುಚ್ಚು ಹಿಡಿಯಿತು. ಸುತ್ತಮುತ್ತಲಿನ ಪ್ಲಾಂಟರುಗಳೆಲ್ಲ ಕಾಫಿ ಹಾಕಿಕೊಂಡು ಆರಾಮಾಗಿದ್ದರು. ರಿಡ್ಲಿ ಜೇಬಿನ ತುಂಬ ರಬ್ಬರ್ ಬೀಜ ತುಂಬಿಕೊಂಡು, ಎದುರು ಸಿಕ್ಕಿದವರ ಕೈಗೆಲ್ಲ ತುರುಕುತ್ತಿದ್ದ. ಹುಚ್ಚ ರಿಡ್ಲಿ ಅಂತಲೇ ಅವನಿಗೆ ಹೆಸರು ಬಿತ್ತು. ಮನೆಗೆ ಬಂದವರಿಗೆಲ್ಲ ಮಗಳ ಜಾತಕ ತೋರಿಸುವ ಅಪ್ಪನನ್ನು ನೋಡಿದ್ದೀರಲ್ವಾ, ಹಾಗೆ. ಆಮೇಲೆ ಕಾಫಿ ಬೆಲೆ ಬಿತ್ತು. ಸೈಕಲ್ಲಿಗೆ, ಮೋಟಾರಿಗೆ ಟೈರು ಬಂತು. 1896ರಲ್ಲಿ ಮಲಾಕದ ಟಾನ್ ಚೇ ಯಾನ್ ಎಂಬ ಚೀನೀ ಮೂಲದ ಕೃಷಿಕ ಮೊದಲು ಧೈರ್ಯ ಮಾಡಿ ರಬ್ಬರ್ ಹಾಕಿದ. 1920ರ ಹೊತ್ತಿಗೆ ಜಗತ್ತಿನ ರಬ್ಬರಿನಲ್ಲಿ ಹೆಚ್ಚುಕಡಿಮೆ ಅರ್ಧ ಮಲಯದಿಂದಲೇ, ಅಂದರೆ ಈಗಿನ ಮಲೇಷ್ಯಾದ ಕಡೆಯಿಂದಲೇ ಬರುತ್ತಿತ್ತು. ರಿಡ್ಲಿ ನೂರು ವರ್ಷ ಬದುಕಿ ಇದನ್ನೆಲ್ಲ ಕಣ್ತುಂಬ ನೋಡಿದ.

ಉಳಿದ ಮದುವೆಗಳೂ ಏನು ಕಡಿಮೆ ರಂಪದವಲ್ಲ. ಲವಂಗ, ಜಾಯಿಕಾಯಿಗಳನ್ನು ಡಚ್ಚರು ತಮ್ಮ ದ್ವೀಪ ಬಿಟ್ಟು ಆಚೆ ಹೋಗದಂತೆ ಕಾದುಕೊಂಡಿದ್ದರು. ಜಾಯಿಕಾಯಿ ಬೇರೆಲ್ಲೂ ಮೊಳೆಯದಿರಲಿ ಅಂತ ಸುಣ್ಣದ ನೀರಿಗೆ ಅದ್ದಿ ಮಾರುತ್ತಿದ್ದರು. ಆದರೂ 1770ರ ಸುಮಾರಿಗೆ ಒಬ್ಬ ಫ್ರೆಂಚನ ಜನರು ಸಸಿಗಳನ್ನು ಮಾರಿಷಸ್ಸಿಗೆ ದಾಟಿಸಿಯೇಬಿಟ್ಟರು. ಆ ಫ್ರೆಂಚನ ಹೆಸರು ಪಿಯರ್ ಪ್ವಾವ್ರ್. ಪ್ವಾವ್ರ್ ಅಂದರೆ ಫ್ರೆಂಚಿನಲ್ಲಿ ಮೆಣಸು. ಹೆಸರಲ್ಲೇ ಸಾಂಬಾರ ಪದಾರ್ಥ ಇಟ್ಟುಕೊಂಡವನಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ? ಚಹಾ ತರಲು ಈಸ್ಟ್ ಇಂಡಿಯಾ ಕಂಪನಿ 1848ರಲ್ಲಿ ಕಳಿಸಿದ ರಾಬರ್ಟ್ ಫಾರ್ಚೂನ್, ತಲೆಯ ಮುಂಭಾಗ ಬೋಳಿಸಿ, ಹಿಂದೆ ಜಡೆ ಕಟ್ಟಿ, ಚೀನೀ ವೇಷ ಹಾಕಿಕೊಂಡು ಚೀನಾದ ಒಳನಾಡು ಹೊಕ್ಕಿದ. ಅಸ್ಸಾಮಿನ ಕಾಡಿನಲ್ಲಿ ಚಹಾ ಗಿಡ ತಾನಾಗೇ ಬೆಳೆಯುತ್ತಿತ್ತು. ಸಿಂಗ್ಫೋ ಜನ ಮೊದಲಿನಿಂದಲೂ ಅದನ್ನು ಕುಡಿಯುತ್ತಿದ್ದರು. ಕೊನೆಗೆ ಅಸ್ಸಾಮಿಗೆ ಚೆನ್ನಾಗಿ ಒಗ್ಗಿದ್ದೂ ಆ ಮನೆಮಗಳೇ.

ಸಿಲೋನಿನಲ್ಲಿ ಚಹಾ ಬಂದದ್ದು ಎರಡನೇ ಹೆಂಡತಿಯಾಗಿ. ಅಲ್ಲಿ ಮೊದಲು ಇದ್ದದ್ದು ಕಾಫಿ. ಕಾಡು ಕಡಿದು ಗುಡ್ಡಗುಡ್ಡವೇ ಕಾಫಿ ಹಾಕಿದ್ದರು. 1869ರಲ್ಲಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಎಲೆ ತುಕ್ಕು ರೋಗ. ಮುಟ್ಟಿದರೆ ಬೆರಳಿಗೆ ಕುಂಕುಮದ ಹಾಗೆ ಹತ್ತುತ್ತದೆ, ಎಲೆ ಉದುರುತ್ತದೆ, ಗಿಡ ಬೋಳಾಗುತ್ತದೆ. ಗಾಳಿಗೆ ಹಾರುವ ಆ ಪುಡಿಗೆ ಗುಡ್ಡದ ತುದಿಯಿಂದ ಬುಡದವರೆಗೆ ಒಂದೇ ಜಾತಿಯ ಗಿಡ ಸಾಲಾಗಿ ನಿಂತಿದ್ದರೆ ಇನ್ನೇನು ಬೇಕು? ಇಪ್ಪತ್ತು ವರ್ಷದಲ್ಲಿ ಸಿಲೋನಿನ ಕಾಫಿ ಮುಗಿದೇಹೋಯಿತು. ಅಷ್ಟರಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲೇ ಕ್ಯಾಂಡಿ ಹತ್ತಿರ ಲೂಲ್‌ಕಂಡೇರದಲ್ಲಿ 19 ಎಕರೆಗೆ ಚಹಾ ಹಾಕಿ, ಬಂಗಲೆಯ ಜಗಲಿಯ ಮೇಲೆ ಎಲೆ ಉಜ್ಜಿ ಉಜ್ಜಿ ಪುಡಿ ಮಾಡುವುದನ್ನು ಕಲಿಯುತ್ತಿದ್ದ. ಮಿಕ್ಕವರೆಲ್ಲ ಅವನ ಹಿಂದೆ ಬಂದರು. ಸತ್ತ ಕಾಫಿ ಗಿಡದ ಕಾಂಡಗಳನ್ನು ತೊಗಟೆ ಸುಲಿದು ಇಂಗ್ಲೆಂಡಿಗೆ ಕಳಿಸಿದರಂತೆ, ಚಹಾ ಕುಡಿಯುವ ಮೇಜಿಗೆ ಕಾಲು ಮಾಡಲು. ಹೋದ ಹೆಂಡತಿಯ ಬೆನ್ನ ಮೇಲೆ ಹೊಸ ಹೆಂಡತಿಗೆ ಪೀಠ!

ಇದನ್ನೆಲ್ಲ ಬರೆಯುವಾಗ ಒಂದು ಕನ್ನಡ ಪದದ ಹತ್ತಿರ ಬಂದು ಪ್ರತಿಸಲ ಪೆನ್ಸಿಲ್ಲು ನಿಲ್ಲುತ್ತದೆ. ಪ್ಲಾಂಟೇಷನ್ ಅನ್ನುವುದಕ್ಕೆ ನಾವು ಏನನ್ನಬೇಕು? ಪುಸ್ತಕದಲ್ಲಿ 'ನೆಡುತೋಪು' ಅಂತ ಇದೆ. ಯಾರ ಬಾಯಲ್ಲೂ ಇಲ್ಲ. 'ತೋಟ' ಅನ್ನಬಹುದು, ಎಲ್ಲರೂ ಅನ್ನುತ್ತಾರೆ. ಆದರೆ ತೋಟ ಅಂದ ಕೂಡಲೇ ನನ್ನ ತಲೆಯಲ್ಲಿ ನಾಲ್ಕಾರು ಜಾತಿ ಮರ, ಒಂದು ಬಾವಿ, ಬೇಲಿಯಲ್ಲಿ ಯಾವುದೋ ಬಳ್ಳಿ, ಮನೆಗೆ ಬರುವಾಗ ಕೈಯಲ್ಲಿ ನಾಲ್ಕು ಹಣ್ಣು ಬರುತ್ತದೆ. 'ಎಸ್ಟೇಟ್' ಅಂದರೆ ಗೇಟು ಬರುತ್ತದೆ. ಗೇಟಿನ ಒಳಗೆ ಸಾಲು, ಸಾಲಿನ ಪಕ್ಕ ಇನ್ನೊಂದು ಸಾಲು, ಕೊನೆಯಲ್ಲಿ ತಕ್ಕಡಿ ಹಿಡಿದ ಗುಮಾಸ್ತ. ಅಲ್ಲಿ ತಿನ್ನುವುದಕ್ಕೆ ಏನೂ ಇಲ್ಲ. ತೋಟಕ್ಕೂ ಎಸ್ಟೇಟಿಗೂ ಇರುವ ವ್ಯತ್ಯಾಸ ನನ್ನ ಮಟ್ಟಿಗೆ ಇಷ್ಟೇ. ಒಂದರಿಂದ ಕೆಲಸ ಮಾಡಿದವನ ಹೊಟ್ಟೆಗೆ ಏನಾದರೂ ಹೋಗುತ್ತದೆ, ಇನ್ನೊಂದರಿಂದ ಹೋಗುವುದಿಲ್ಲ.

ವಾಣಿಜ್ಯ ಬೆಳೆ ಅಂದರೆ ಹಣಕ್ಕಾಗಿ ಬೆಳೆಯುವ ಬೆಳೆ ಅಂತ ಬರೆದು ಪೂರ್ತಿ ಅಂಕ ತಗೊಂಡಿದ್ದೇನೆ. ಯಾರ ಹಣ ಅಂತ ಯಾರೂ ಕೇಳಲಿಲ್ಲ. ಬೆಳೆದವನು ಊಟಕ್ಕೆ ಏನು ಮಾಡಿದ ಅಂತಲೂ ಕೇಳಲಿಲ್ಲ. ರಬ್ಬರ್ ತಿನ್ನಲಾಗುವುದಿಲ್ಲ. ಬಟ್ಟೆಗೆ ಬಣ್ಣ ಕೊಡುವ ನೀಲಿ ಗಿಡ ತಿನ್ನಲಾಗುವುದಿಲ್ಲ. ಚಹಾ ಕಾಫಿಗಳಿಂದ ಹಸಿವು ಇಂಗುವುದಿಲ್ಲ, ಸತ್ತುಹೋಗುತ್ತದೆ ಅಷ್ಟೇ. ಆ ಪ್ರಶ್ನೆಗೆ 'ಅ' ಪಟ್ಟಿ, 'ಬ' ಪಟ್ಟಿ ಸಾಲದು. 'ಕ' ಪಟ್ಟಿ ಒಂದು ಬೇಕಿತ್ತು: ಬೆಳೆದವನ ತಟ್ಟೆಯಲ್ಲಿ ಏನಿತ್ತು?

ಈ ಪಟ್ಟಿ ತುಂಬಲು ಹೊರಟರೆ ತವರು, ಗಂಡನ ಮನೆ ಅಂತ ತಮಾಷೆ ಮಾಡಿಕೊಂಡು ಬಂದದ್ದು ಕೈಕೊಡುತ್ತದೆ. ಗಿಡದ ಜೊತೆ ದಿಬ್ಬಣ ಹೋದ ಜನ ಇಷ್ಟಪಟ್ಟು ಹೋದವರಲ್ಲ. ಆಫ್ರಿಕಾದಿಂದ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ಕಡೆ ಕಳಿಸಿದರು, ಅದರಲ್ಲಿ ದೊಡ್ಡ ಪಾಲು ಕಬ್ಬಿನ ಸೀಮೆಗಳಿಗೆ. ಕಬ್ಬು ಕಡಿದ ಮೇಲೆ ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಅರೆಯದಿದ್ದರೆ ರಸ ಕೆಡುತ್ತದೆ. ಹಾಗಾಗಿ ಗಾಣ ಹಗಲೂ ರಾತ್ರಿ ತಿರುಗಬೇಕು. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವವನ ಬೆರಳು ಉರುಳೆಗೆ ಸಿಕ್ಕಿದರೆ ಇಡೀ ತೋಳು ಒಳಗೆ ಹೋಗುತ್ತದೆ. ಅದಕ್ಕೇ ಕೆರಿಬಿಯನ್ನಿನ ಗಾಣಗಳಲ್ಲಿ ಪಕ್ಕದಲ್ಲೇ ಒಂದು ಕೊಡಲಿ ಇಟ್ಟಿರುತ್ತಿದ್ದರು. ಗಾಣ ನಿಲ್ಲಿಸುವುದಕ್ಕಲ್ಲ, ತೋಳು ಕಡಿಯುವುದಕ್ಕೆ.

1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರ ಅಂತ 2 ಕೋಟಿ ಪೌಂಡ್ ಕೊಟ್ಟರು. ಗುಲಾಮರಿಗಲ್ಲ, ಯಜಮಾನರಿಗೆ. ಅದೇ ವರ್ಷ ಭಾರತದಿಂದ ಮಾರಿಷಸ್ಸಿಗೆ ಕೂಲಿಗಳ ಹಡಗು ಹೊರಟಿತು. ಮುಂದೆ ಗಯಾನಾ, ಟ್ರಿನಿಡಾಡ್, 1879ರಲ್ಲಿ ಫಿಜಿ. ಅಗ್ರಿಮೆಂಟ್ ಅನ್ನುವುದು ಅವರ ಬಾಯಲ್ಲಿ 'ಗಿರ್‌ಮಿಟ್' ಆಯಿತು. ಐದು ವರ್ಷದ ಕರಾರು. ಫಿಜಿ, ಮಾರಿಷಸ್ಸುಗಳಲ್ಲಿ ಇವತ್ತಿಗೂ ಆ ಜನರ ಮೊಮ್ಮಕ್ಕಳು ಮರಿಮಕ್ಕಳು ಇದ್ದಾರೆ. ಸಿಲೋನಿಗೆ, ಮಲಯಕ್ಕೆ ತಮಿಳು ನಾಡಿನಿಂದ ಹೋದವರದ್ದೂ ಹೀಗೆಯೇ ಒಂದು ಕತೆ.

ಇವರಿಗೆಲ್ಲ ಊಟ ಹಾಕಬೇಕಲ್ಲ? ಸಕ್ಕರೆ ದ್ವೀಪಗಳ ಯಜಮಾನರಿಗೆ ಅದೊಂದು ತಲೆನೋವು. ಚೂರು ಜಾಗ ಸಿಕ್ಕಿದರೂ ಕಬ್ಬೇ ನೆಡಬೇಕು ಅನ್ನುವವನಿಗೆ ಕೂಲಿಯವನ ಅನ್ನ ಬೆಳೆಯಲು ಜಾಗ ಎಲ್ಲಿ? ಆಗ ಯಾರಿಗೋ ದೀವಿಹಲಸು ನೆನಪಾಯಿತು, ನಮ್ಮ ಕೆಲವರು ಜೀಗುಜ್ಜೆ ಅನ್ನುವ ಕಾಯಿ. ನೆಟ್ಟು ಬಿಟ್ಟರೆ ಸಾಕು, ವರ್ಷ ವರ್ಷ ಕಾಯಿ ಬಿಡುತ್ತದೆ. ಪುಕ್ಕಟೆ ಊಟ. 1787ರ ಕೊನೆಯಲ್ಲಿ ವಿಲಿಯಂ ಬ್ಲೈ ಎಂಬ ಅಧಿಕಾರಿ ಬೌಂಟಿ ಎಂಬ ಹಡಗಿನಲ್ಲಿ, ಆ ಮರ ಬೆಳೆಯುವ ಪೆಸಿಫಿಕ್ ಸಾಗರದ ಟಹೀಟಿ ದ್ವೀಪಕ್ಕೆ ಹೊರಟ. ಕ್ಯಾಪ್ಟನ್ನನ ದೊಡ್ಡ ಕೋಣೆಯನ್ನೇ ಕುಂಡ ಇಡುವ ನರ್ಸರಿ ಮಾಡಿದ್ದರು. ಸಾವಿರಕ್ಕೂ ಮಿಕ್ಕಿ ಸಸಿ ತುಂಬಿಕೊಂಡು ವಾಪಸ್ ಹೊರಟಾಗ, 1789ರ ಏಪ್ರಿಲ್‌ನಲ್ಲಿ ನಾವಿಕರು ದಂಗೆ ಎದ್ದರು. ಬ್ಲೈಯನ್ನು ಒಂದು ದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ಬಿಟ್ಟು, ಕುಂಡಗಳನ್ನೆಲ್ಲ ನೀರಿಗೆ ಎಸೆದರು. ಆಸಾಮಿ ಗಟ್ಟಿಗ. ಬದುಕಿ ಬಂದ, ಮತ್ತೆ ಇನ್ನೊಂದು ಹಡಗು ತಗೊಂಡು ಹೋದ, 1793ರಲ್ಲಿ ಜಮೈಕಾಕ್ಕೆ ಸಸಿ ತಲುಪಿಸಿದ. ಇಷ್ಟೆಲ್ಲ ಮಾಡಿದ ಮೇಲೆ ಏನಾಯಿತು ಗೊತ್ತಾ? ಅಲ್ಲಿನ ಜನಕ್ಕೆ ಅದು ರುಚಿಸಲಿಲ್ಲ. ಬಹಳ ಕಾಲ ಹಂದಿಗೆ ಹಾಕಿದರು. ಜಗತ್ತಿನ ಅರ್ಧ ಸುತ್ತು ಹಾಕಿಸಿದವರು ತಿನ್ನುವವರನ್ನು ಒಂದು ಮಾತು ಕೇಳಿರಲಿಲ್ಲ.

'ಕ' ಪಟ್ಟಿಯಲ್ಲಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಎದುರು ಏನು ಬರೆಯಬೇಕು? ಡಚ್ಚರ ಕಾಲದಲ್ಲಿ ಪಶ್ಚಿಮ ಸುಮಾತ್ರಾದವರು ಬೆಳೆದ ಕಾಫಿ ಬೀಜವನ್ನೆಲ್ಲ ಸರ್ಕಾರದ ಗೋದಾಮಿಗೆ ಒಪ್ಪಿಸಬೇಕಿತ್ತು. ಉಳಿದದ್ದು ಎಲೆ. ಆ ಎಲೆಯನ್ನೇ ಹೊಗೆಗೆ ಒಣಗಿಸಿ, ಕುದಿಸಿ, ತೆಂಗಿನ ಕರಟದಲ್ಲಿ ಕುಡಿಯುತ್ತಿದ್ದರು. ಅದಕ್ಕೆ 'ಕವಾ ದಾವುನ್' ಅಂತ ಹೆಸರು, ಎಲೆ ಕಾಫಿ. ಈಗಲೂ ಅಲ್ಲಿ ಸಿಗುತ್ತದೆ. ಅಸ್ಸಾಮಿನ ಎದುರು? ಉಪ್ಪು ಅಂತ ಬರೆಯಬೇಕು. ಒಂದು ಕಿಲೋ ಚಹಾಪುಡಿಗೆ ನಾಲ್ಕೂವರೆ ಕಿಲೋದಷ್ಟು ಹಸಿ ಎಲೆ ಬೇಕು. ಎರಡು ಎಲೆ ಒಂದು ಕುಡಿ, ಎರಡು ಎಲೆ ಒಂದು ಕುಡಿ ಅಂತ ಬಿಸಿಲಲ್ಲಿ ಚಿವುಟುತ್ತಾ ಬುಟ್ಟಿ ತುಂಬಿಸುವ ಹೆಂಗಸರು ಇವತ್ತಿಗೂ ಚಹಾಕ್ಕೆ ಉಪ್ಪು ಹಾಕಿ ಕುಡಿಯುತ್ತಾರೆ. ಬೆವರಲ್ಲಿ ಹೋದ ಉಪ್ಪು ವಾಪಸ್ ಬರಲಿ ಅಂತ ಶುರುವಾದ ರೂಢಿ. ಇಂಗ್ಲೆಂಡಿನ ಲೋಟದಲ್ಲಿ ಈ ಎಲೆಗೆ ಕೆರಿಬಿಯನ್ನಿನ ಸಕ್ಕರೆ ಬಿತ್ತು, ಕಿತ್ತವಳ ಲೋಟದಲ್ಲಿ ಉಪ್ಪು ಬಿತ್ತು.

ನೀಲಿಯ ಕತೆಯಂತೂ ಇನ್ನೂ ವಿಚಿತ್ರ. ಬಿಹಾರದ ಚಂಪಾರಣ್ಯದಲ್ಲಿ ರೈತ ತನ್ನ ಭೂಮಿಯ ಪ್ರತಿ 20 ಕಟ್ಠಾದಲ್ಲಿ (ಅದು ಅಲ್ಲಿನ ಭೂಮಿಯ ಅಳತೆ) 3 ಕಟ್ಠಾ ನೀಲಿಗೆ ಬಿಡಲೇಬೇಕಿತ್ತು. 1897ರಲ್ಲಿ ಜರ್ಮನಿಯಿಂದ ಕಾರ್ಖಾನೆಯ ನೀಲಿ ಬಂತು, ಗಿಡದ ನೀಲಿಯನ್ನು ಕೇಳುವವರಿಲ್ಲವಾಯಿತು. ಸದ್ಯ ಪೀಡೆ ತೊಲಗಿತು ಅಂದುಕೊಂಡರೆ, ಪ್ಲಾಂಟರುಗಳು ನೀಲಿ ಬೆಳೆಯುವುದರಿಂದ ಬಿಡುಗಡೆ ಕೊಡುತ್ತೇವೆ, ಅದಕ್ಕೆ ದುಡ್ಡು ಕೊಡಿ ಅಂದರು. ಬೆಳೆ ಬೆಳೆದಾಗ ಹಣ ಅವರಿಗೆ, ಬೆಳೆಯದಿದ್ದರೂ ಹಣ ಅವರಿಗೇ. ಹಣದ ಬೆಳೆ ಅಂದರೆ ಇದು! 1917ರಲ್ಲಿ ಗಾಂಧಿ ಅಲ್ಲಿಗೆ ಹೋದದ್ದು ಈ ಲೆಕ್ಕ ಕೇಳಲು.

ಇನ್ನು ನನ್ನ ಬ್ರೆಜಿಲ್. ಮೋಟಾರು ಕಂಪನಿಯ ಹೆನ್ರಿ ಫೋರ್ಡ್‌ಗೂ ನನ್ನ ಹಾಗೇ ರಬ್ಬರಿನಿಂದ ಬ್ರೆಜಿಲ್‌ಗೆ ಗೀಟು ಎಳೆಯಬೇಕು ಅನ್ನಿಸಿತು. ಟೈರಿನ ರಬ್ಬರಿಗಾಗಿ ಏಷ್ಯಾದ ಪ್ಲಾಂಟರುಗಳ ಮುಂದೆ ಕೈಯೊಡ್ಡುವುದು ಅವನಿಗೆ ಇಷ್ಟವಿರಲಿಲ್ಲ. 1928ರಲ್ಲಿ ಅದೇ ಟಪಜೋಸ್ ನದಿಯ ದಂಡೆಯಲ್ಲಿ ದೊಡ್ಡ ಜಾಗ ಹಿಡಿದು ಫೋರ್ಡ್‌ಲ್ಯಾಂಡಿಯಾ ಅಂತ ಊರನ್ನೇ ಕಟ್ಟಿಸಿದ. ತವರಲ್ಲೇ ಬೆಳೆಸಿದರೆ ಸೊಗಸಾಗಿ ಬರಬೇಕಲ್ವಾ? ಬರಲಿಲ್ಲ. ಕಾಡಿನಲ್ಲಿ ರಬ್ಬರ್ ಮರಗಳು ದೂರ ದೂರ, ಒಂದಕ್ಕೊಂದು ಕಾಣದ ಹಾಗೆ ಇರುತ್ತವೆ. ಎಲೆಗೆ ಬರುವ ಒಂದು ಶಿಲೀಂಧ್ರ ಅಲ್ಲಿನದೇ. ಮರಗಳನ್ನು ಒತ್ತೊತ್ತಾಗಿ ಸಾಲು ನೆಟ್ಟಾಗ ಅದು ಎಲೆಯಿಂದ ಎಲೆಗೆ ದಾಟಿ ತೋಪನ್ನೇ ಬೋಳು ಮಾಡಿತು. ಏಷ್ಯಾಕ್ಕೆ ಬೀಜ ಹೋದಾಗ ಈ ರೋಗ ಹಡಗು ಹತ್ತಿರಲಿಲ್ಲ. ಅದಕ್ಕೇ ಅಲ್ಲಿ ಸಂಸಾರ ನಡೆಯಿತು, ಇಲ್ಲಿ ನಡೆಯಲಿಲ್ಲ. ಮೇಷ್ಟ್ರು ಗೆದ್ದರು ಅಂತ ಒಪ್ಪಿಕೊಳ್ಳಬೇಕಾಗುತ್ತದೆ.

ಆದರೆ ಫೋರ್ಡ್‌ಲ್ಯಾಂಡಿಯಾದಲ್ಲಿ ರೋಗಕ್ಕೂ ಮುಂಚೆ ಆದದ್ದು ಊಟದ ಜಗಳ. ಕೂಲಿಗಳು ಓಟ್ಸು, ಡಬ್ಬಿಯ ಪೀಚ್ ಹಣ್ಣು ತಿನ್ನಬೇಕು, ಅದು ಆರೋಗ್ಯ ಅಂತ ದೂರದ ಅಮೆರಿಕದಲ್ಲಿ ಕೂತು ತೀರ್ಮಾನ ಮಾಡಿದ್ದರು. 1930ರ ಡಿಸೆಂಬರಿನಲ್ಲಿ, ಇನ್ನು ಮೇಲೆ ಕೂತಲ್ಲಿಗೆ ಬಡಿಸುವುದಿಲ್ಲ, ತಟ್ಟೆ ಹಿಡಿದು ಸಾಲಲ್ಲಿ ನಿಲ್ಲಬೇಕು ಅಂದರು. ದಿನವಿಡೀ ಕಾಡು ಕಡಿದು ಬಂದವರಿಗೆ ರೇಗಿಹೋಯಿತು. ಊಟದ ಹಾಲು ಪುಡಿಪುಡಿ. ಹಾಜರಿ ಹಾಕುವ ಗಡಿಯಾರಗಳನ್ನೂ ಬಿಡಲಿಲ್ಲ. ಮ್ಯಾನೇಜರುಗಳು ದೋಣಿ ಹತ್ತಿ ನದಿ ಮಧ್ಯಕ್ಕೆ ಓಡಿಹೋದರು. ಫೋರ್ಡ್ ಒಂದು ಸಲವೂ ಆ ಊರಿಗೆ ಕಾಲಿಡಲಿಲ್ಲ. 1945ರಲ್ಲಿ ಕಂಪನಿ ಆ ಜಾಗವನ್ನು ಬ್ರೆಜಿಲ್ ಸರ್ಕಾರಕ್ಕೇ ವಾಪಸ್ ಮಾರಿತು.

ಇಷ್ಟು ಬರೆದ ಮೇಲೆ, ಇಷ್ಟು ದೇಶ ಸುತ್ತಿ ಬಂದ ಆ ವಸ್ತುವಿಗೆ ಕೊಂಚ ಮರ್ಯಾದೆ ಕೊಡೋಣ ಅಂತ ಮೇಜಿನ ಮೇಲಿದ್ದ ರಬ್ಬರ್ ತುಂಡನ್ನು ಕೈಗೆ ತಗೊಂಡೆ. ಸುತ್ತಿದ್ದ ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಕನ್ನಡಕ ಹಾಕಿ ಓದಿದೆ. ಪಿವಿಸಿ. ಪೈಪು ಮಾಡುತ್ತಾರಲ್ಲ, ಅದೇ ಜಾತಿಯ ಪ್ಲಾಸ್ಟಿಕ್ಕು. ನನ್ನ ರಬ್ಬರಿನಲ್ಲಿ ರಬ್ಬರೇ ಇಲ್ಲ.

ಗೀಟು ಮಾತ್ರ ಚೆನ್ನಾಗಿ ಅಳಿಸುತ್ತದೆ.